ತಂತಿಯ ಕಪ್ಪು ತುದಿ

ನನ್ನ ಅಪ್ಪನ ಬಲಗೈಯಲ್ಲಿ ಈಗ ಇರುವುದು ಎರಡೇ ಬೆರಳು, ಹೆಬ್ಬೆರಳು ಮತ್ತು ಕಿರುಬೆರಳು. ಉಳಿದ ಮೂರು ಹೇಗೆ ಹೋದವು ಎಂದು ಬೈಲಹೊಂಗಲದ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಮಿಸ್ತ್ರಿ ತಾನೇ ವಿಮಾನದ ಕೀಲಿ ತಿರುವಿಟ್ಟು, ತಾನೇ ಹೋಗಿ ಫ್ಯಾನಿಗೆ ಕೈ ಹಾಕಿದ, ಇಷ್ಟು ವರ್ಷ ಎಂಜಿನ್ ಬಿಚ್ಚಿದವನಿಗೆ ಅಷ್ಟೂ ತಿಳಿಯಲಿಲ್ಲ. ಊರು ಇದನ್ನು ನಂಬಿದೆ. ಇದು ಸುಳ್ಳು. ಈ ಸುಳ್ಳನ್ನು ಹೆತ್ತವಳು ನಾನು, ಅಪ್ಪ ಅದನ್ನು ಸಾಕಿದ ಅಷ್ಟೇ. ಹೋದ ಬೆರಳನ್ನು ನಾನು ಮರಳಿ ತರಲಾರೆ. ಹೋದ ಹೆಸರನ್ನಾದರೂ ತಂದುಕೊಡಬೇಕೆಂದು ಒದ್ದಾಡಿದೆ, ಆ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಒಕ್ಕಲುತನದ ಮನೆ. ದೊಡ್ಡಪ್ಪ, ಕಾಕಾ ಎಲ್ಲರೂ ಹೊಲ ನೋಡಿಕೊಂಡರು. ಅಪ್ಪ ಮಾತ್ರ ಚಿಕ್ಕಂದಿನಲ್ಲೇ ಬಾವಿಯ ಮೇಲಿನ ಎಂಜಿನ್ನಿನ ಬೆನ್ನು ಹತ್ತಿದ. ಪೇಟೆಯಲ್ಲಿ ಅವನದೊಂದು ತಗಡಿನ ಅಂಗಡಿ. ಹಳೆಯ ಸೀಮೆಎಣ್ಣೆ ಪಂಪು, ಹತ್ತಿಗೆ ಔಷಧ ಹೊಡೆಯುವ ಯಂತ್ರ, ಮೊಪೆಡ್ಡು, ಏನು ತಂದಿಟ್ಟರೂ ಅವನಿಗೆ ಮೊದಲು ಬೇಕಾದದ್ದು ಅದರ ಮ್ಯಾಗ್ನೆಟೋ. ಬ್ಯಾಟರಿಯ ಹಂಗಿಲ್ಲದೆ, ತಿರುಗಿದರೆ ಸಾಕು, ತಾನೇ ಕಿಡಿ ಹುಟ್ಟಿಸುವ ಡಬ್ಬಿ ಅದು. ಸವದತ್ತಿ, ಮುರಗೋಡ, ರಾಮದುರ್ಗದ ಕಡೆಯಿಂದ ಮೋಟರ್‌ಸೈಕಲ್ಲಿನ ಹಿಂದೆ ಪಂಪು ಕಟ್ಟಿಕೊಂಡು ಜನ ಬರುತ್ತಿದ್ದರು. ಅಪ್ಪ ಪ್ಲಗ್ಗಿನ ವೈರಿನ ತುದಿಯನ್ನು ಬರಿ ಬೆರಳಲ್ಲಿ ಹಿಡಿದು, ಇನ್ನೊಂದು ಕೈಯಿಂದ ಎಂಜಿನ್ ತಿರುವುತ್ತಿದ್ದ. ಒಮ್ಮೆ ನಾನು ಹೆದರಿ ಕೇಳಿದ್ದಕ್ಕೆ ನಕ್ಕು ಹೇಳಿದ್ದ, "ಜುಮ್ ಅಂದ್ರ ಒಳಗಿನ ತಾಮ್ರದ ಕಾಯಿಲ್ ಚಲೋ ಐತಿ ಅಂತ ತಿಳಕೋ. ಝಾಡಿಸಿ ಒಗದ್ರ ಭಾಳ ಚಲೋ ಐತಿ."

ಮ್ಯಾಗ್ನೆಟೋದ ವಿಷಯದಲ್ಲಿ ಅವನು ನನಗೆ ಕಲಿಸಿದ ಮೊದಲ ಪಾಠ ಒಂದೇ ಒಂದು ತಂತಿಯದು. ಮನೆಯ ದೀಪಕ್ಕೆ ತಂತಿ ಕಡಿದರೆ ದೀಪ ಆರುತ್ತದೆ. ಮ್ಯಾಗ್ನೆಟೋದ್ದು ತಿರುಗಾಮುರುಗಾ. ಅದರಿಂದ ಒಂದು ತಂತಿ ಹೊರಟು ಕೀಲಿಗೆ ಹೋಗುತ್ತದೆ, ಕೀಲಿ ಮುಚ್ಚಿದಾಗ ಆ ತಂತಿ ಎಂಜಿನ್ನಿನ ಮೈಗೆ ಮುಟ್ಟುತ್ತದೆ, ಮಿಸ್ತ್ರಿಗಳ ಮಾತಿನಲ್ಲಿ ‘ಭೂಮಿ ಮುಟ್ಟುತ್ತದೆ’, ಆಗ ಕಿಡಿ ಪ್ಲಗ್ಗಿಗೆ ಹೋಗದೆ ಅಲ್ಲೇ ಇಂಗುತ್ತದೆ. ತಂತಿ ಹರಿದರೆ ಕೀಲಿ ಮುಚ್ಚಿದ್ದರೂ ಒಂದೇ, ತೆರೆದಿದ್ದರೂ ಒಂದೇ, ಕಿಡಿ ಹಾರುತ್ತಲೇ ಇರುತ್ತದೆ.

"ಯವ್ವಾ, ಮ್ಯಾಗ್ನೆಟೋ ಸಾಯಂಗಿಲ್ಲ," ಎನ್ನುತ್ತಿದ್ದ ಅಪ್ಪ. "ಭೂಮಿಗಿ ಮುಟ್ಟಿಸಿದ್ರ ಸುಮ್ನ ಕುಂದರತೈತಿ. ಬಿಟ್ಟಿ ಅಂದ್ರ ಎದ್ದ ಬರತೈತಿ. ಕೀಲಿ ನನ್ನ ಕಿಸೇದಾಗ ಐತಿ ಅಂತ ಎಂದೂ ನಂಬಬ್ಯಾಡ."

ಹುಡುಗಿಗೆ ಎಣ್ಣೆ ಗ್ರೀಸಿನ ಕೆಲಸ ಯಾಕೆ ಎಂದು ಊರೆಲ್ಲ ಕೇಳಿತು. ಅಪ್ಪ ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ. ನಾನು ವಿಮಾನದ ಎಂಜಿನ್ ದುರಸ್ತಿ ಕಲಿತು, ಪರೀಕ್ಷೆ ಪಾಸಾಗಿ, ಸಹಿ ಮಾಡುವ ಲೈಸೆನ್ಸ್ ಪಡೆದೆ. ನಾನು ಸಹಿ ಮಾಡಿದರೆ ವಿಮಾನ ಹಾರಬಹುದು, ಮಾಡದಿದ್ದರೆ ಇಲ್ಲ. ಅಪ್ಪನಿಗೆ ಇದು ಜಿಲ್ಲಾಧಿಕಾರಿಯ ಸಹಿಗಿಂತ ದೊಡ್ಡದಾಗಿ ಕಂಡಿತ್ತು. ಔಷಧದ ಪಂಪು ತಂದವರಿಗೆಲ್ಲ, ಅವರು ಕೇಳದಿದ್ದರೂ ಹೇಳಿ ಕಳಿಸುತ್ತಿದ್ದ.

ಕೆಲಸ ಸಿಕ್ಕಿದ್ದು ಕಿತ್ತೂರಿನ ಆಚೆ, ಹೆದ್ದಾರಿಯಿಂದ ಒಳಗೆ, ವಿಮಾನ ಇಳಿಯುವ ಕೆಂಪು ಮಣ್ಣಿನ ಒಂದು ಖಾಸಗಿ ಪಟ್ಟಿಯಲ್ಲಿ. ಸೈನ್ಯದಿಂದ ನಿವೃತ್ತರಾದ ಪೈಲಟ್ ಒಬ್ಬರು ಎರಡು ಸೀಟಿನ ಒಂದು ವಿಮಾನ ಇಟ್ಟುಕೊಂಡು ನಾಲ್ಕಾರು ಜನಕ್ಕೆ ಹಾರಾಟ ಕಲಿಸುತ್ತಿದ್ದರು. ಅವರನ್ನು ನಾವೆಲ್ಲ ಯಜಮಾನರು ಎನ್ನುತ್ತಿದ್ದೆವು. ಅಪ್ಪ ಮೊದಲ ಸಲ ಬಂದು ಎಂಜಿನ್ ನೋಡಿದಾಗ ಅದರ ಸುತ್ತ ಎರಡು ಸುತ್ತು ಹಾಕಿದ. ವಿಮಾನದ ಎಂಜಿನ್ನಿಗೆ ಎರಡು ಮ್ಯಾಗ್ನೆಟೋ, ಎಡಕ್ಕೊಂದು ಬಲಕ್ಕೊಂದು. ಪ್ರತಿ ಸಿಲಿಂಡರಿಗೂ ಎರಡು ಪ್ಲಗ್ಗು, ಒಂದು ಎಡದ್ದಕ್ಕೆ, ಒಂದು ಬಲದ್ದಕ್ಕೆ. ಆಕಾಶದಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ನಡೆಸಲಿ ಎಂದು.

"ಎರಡೆರಡು?" ಎಂದ ಅಪ್ಪ. "ಒಂದ ಹೆಣ್ತಿ ಸಂಭಾಳಸೂದ ಕಷ್ಟ ಐತಿ, ಇವ್ರೇನ ಎರಡೆರಡ ಕಟಕೊಂಡಾರಲ್ಲ!"

ಯಜಮಾನರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅವರು ಪ್ರತಿ ವರ್ಷ ಖಂಡೇನವಮಿಯ ಆಯುಧಪೂಜೆಗೆ ಅಪ್ಪನನ್ನು ಕರೆಯತೊಡಗಿದರು. ಅಪ್ಪ ತನ್ನ ಅಂಗಡಿಯ ಪೂಜೆಯನ್ನು ನಸುಕಿನಲ್ಲೇ ಮುಗಿಸಿ, ನಮ್ಮ ಹೊಲದ ಚೆಂಡುಹೂವಿನ ಗಂಟು ಹೊತ್ತು, ಕಿತ್ತೂರಿನ ಬಸ್ಸು ಹತ್ತಿ ಬರುತ್ತಿದ್ದ. ವಿಮಾನದ ಮೂತಿಯ ಫ್ಯಾನಿಗೆ ವಿಭೂತಿ ಎಳೆಯುವ ಹಕ್ಕು ಅವನದು. ಬಲಗೈಯ ನಡುವಿನ ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿ, ಒಂದೇ ಎಳೆತಕ್ಕೆ ಮೂರು ಗೆರೆ. ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಬರುತ್ತಿದ್ದವು.

ಆ ವರ್ಷ ನವರಾತ್ರಿಯ ಮೊದಲ ದಿನಗಳಲ್ಲೇ ಎಂಜಿನ್ ತಕರಾರು ತೆಗೆಯಿತು. ಹಾರುವ ಮೊದಲು ಒಂದು ಪರೀಕ್ಷೆ ಮಾಡುತ್ತೇವೆ. ಕೀಲಿಯನ್ನು ‘ಬಲ’ಕ್ಕೆ ತಿರುವಿದರೆ ಎಡದ ಮ್ಯಾಗ್ನೆಟೋ ಭೂಮಿ ಮುಟ್ಟಿ ಸುಮ್ಮನಾಗುತ್ತದೆ, ಎಂಜಿನ್ ಬಲದ್ದೊಂದರ ಮೇಲೆ ಓಡುತ್ತದೆ, ವೇಗ ಸ್ವಲ್ಪ ಇಳಿಯುತ್ತದೆ. ಹಾಗೆಯೇ ‘ಎಡ’ಕ್ಕೆ. ಸ್ವಲ್ಪ ಇಳಿದರೆ ಕ್ಷೇಮ, ಬಹಳ ಇಳಿದರೆ ಕಾಯಿಲೆ. ನಮ್ಮದು ಬಲದ ಮೇಲೆ ಬಹಳ ಇಳಿಯುತ್ತಿತ್ತು, ಜೊತೆಗೆ ಮಲೇರಿಯಾ ಬಂದವರ ಹಾಗೆ ಮೈಯೆಲ್ಲ ನಡುಗುತ್ತಿತ್ತು.

ನಾಲ್ಕು ಸಿಲಿಂಡರಿನ ಎಂಟೂ ಪ್ಲಗ್ಗು ಬಿಚ್ಚಿದೆ. ಕೆಳಗಿನವು ಎಣ್ಣೆ ಕುಡಿದು ಕರಿ ಕಟ್ಟಿದ್ದವು. ತೊಳೆದು, ಮೇಲಿನವನ್ನು ಕೆಳಕ್ಕೆ ಕೆಳಗಿನವನ್ನು ಮೇಲಕ್ಕೆ ಹಾಕಿ ನೋಡಿದೆ. ಕಾಯಿಲೆ ಪ್ಲಗ್ಗಿನ ಜೊತೆ ಜಾಗ ಬದಲಿಸಲಿಲ್ಲ, ಬಲದಲ್ಲೇ ಉಳಿಯಿತು. ವೈರುಗಳನ್ನು ಒಂದೊಂದಾಗಿ ಪರೀಕ್ಷಿಸಿದೆ, ಒಂದರ ರಬ್ಬರು ಸೀಳಿತ್ತು, ಬದಲಿಸಿದೆ. ಅರ್ಧ ಗುಣವಾಯಿತು. ಕೊನೆಗೆ ಬಲದ ಮ್ಯಾಗ್ನೆಟೋವನ್ನೇ ಇಳಿಸಿ ಬಿಚ್ಚಿದೆ. ಒಳಗೆ ಕಿಡಿಗಾಗಿ ಮುಟ್ಟಿ ಬಿಡುವ ಪಾಯಿಂಟುಗಳು ಸಿಡುಬು ಬಂದ ಮುಖದ ಹಾಗೆ ಕುಳಿ ಬಿದ್ದಿದ್ದವು. ವಿಡಿಯೋ ಕಾಲಿನಲ್ಲಿ ಅಪ್ಪನಿಗೆ ತೋರಿಸಿದೆ.

"ಕಂಡೆನ್ಸರ್ ಮೊದಲ ಬದಲಿ ಮಾಡು," ಎಂದ. "ಪಾಯಿಂಟ್ ತಾನಾಗೆ ಸುಡಂಗಿಲ್ಲ. ಅದನ್ನ ಸುಡವರು ಬ್ಯಾರೆ ಇರತಾರ."

ಹೊಸ ಕಂಡೆನ್ಸರು, ಹೊಸ ಪಾಯಿಂಟು ಹಾಕಿದೆ. ಕಿಡಿ ಬೀಳುವ ಗಳಿಗೆಯನ್ನು ಹೊಂದಿಸಿ ಮರಳಿ ಕೂರಿಸಿದೆ. ಇಷ್ಟಾಗುವಷ್ಟರಲ್ಲಿ ಅಷ್ಟಮಿಯ ಸಂಜೆ ನಾಲ್ಕು ಗಂಟೆ.

ಯಜಮಾನರ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದವರು, ವಿಮಾನದ ಶೆಡ್ಡಿನ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತೇ ಇದ್ದರು. ನಮ್ಮ ಕಡೆ ಅಷ್ಟಮಿಯ ಸಂಜೆ ಹತಾರಗಳನ್ನೆಲ್ಲ ತೊಳೆದು ದೇವರ ಮುಂದೆ ಇಡುತ್ತಾರೆ. ಒಮ್ಮೆ ಇಟ್ಟರೆ ದಶಮಿಯ ದಿನ ಬನ್ನಿ ಹಂಚಿಕೊಳ್ಳುವ ತನಕ ಎತ್ತುವುದಿಲ್ಲ. ಕುಡುಗೋಲು, ಕಳೆ ತೆಗೆಯುವ ಕುರ್ಚಿಗೆ, ನೇಗಿಲು, ಸ್ಪ್ಯಾನರು, ಎಲ್ಲಕ್ಕೂ ಒಂದೇ ನಿಯಮ. ಅಪ್ಪನ ಅಂಗಡಿಯಲ್ಲಿ ಬೆಳೆದ ನನಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ. ಸ್ಪ್ಯಾನರುಗಳನ್ನು ಎಣಿಸಿ, ತೊಳೆದು, ಹಲಗೆಯ ಮೇಲೆ ಜೋಡಿಸಿಟ್ಟೆ. ಆಯಿ ವಿಭೂತಿ ಕುಂಕುಮ ಹಚ್ಚಿದರು. ಆಮೇಲೆ ಬರಿಗೈಯಲ್ಲಿ ಕೀಲಿಯೊಂದನ್ನೇ ಹಿಡಿದು, ಕೊನೆಯ ಪರೀಕ್ಷೆಗೆ ಎಂಜಿನ್ ಶುರು ಮಾಡಿದೆ.

ಎಡಕ್ಕೆ ತಿರುವಿದೆ, ಸ್ವಲ್ಪ ಇಳಿಯಿತು. ಸರಿ. ಬಲಕ್ಕೆ ತಿರುವಿದೆ. ವೇಗ ತೋರುವ ಮುಳ್ಳು ಕದಲಲಿಲ್ಲ.

ಮೊದಲು ನನಗೆ ಹೆಮ್ಮೆಯಾಯಿತು. ನಿಜ ಹೇಳುತ್ತೇನೆ, ಒಂದರೆಗಳಿಗೆ ನನ್ನ ಕೈಗುಣಕ್ಕೆ ನಾನೇ ಬೆನ್ನು ತಟ್ಟಿಕೊಂಡೆ, ಎಷ್ಟು ಚಂದ ದುರಸ್ತಿಯಾಗಿದೆ, ಒಂದು ಸುತ್ತೂ ಇಳಿಯಲಿಲ್ಲ ಎಂದು. ಮರುಗಳಿಗೆ ಹೊಳೆಯಿತು. ಇಳಿಯಲೇಬೇಕು. ಇಳಿಯದಿದ್ದರೆ ಎಡದ್ದು ಸುಮ್ಮನಾಗಿಲ್ಲ. ಅಂದರೆ ಎಡದ ತಂತಿ ಭೂಮಿ ಮುಟ್ಟುತ್ತಿಲ್ಲ, ಎಲ್ಲೋ ಹರಿದಿದೆ. ಪೆಟ್ರೋಲು ಮುಚ್ಚಿ ಎಂಜಿನ್ ನಿಲ್ಲಿಸಿ ಕೀಲಿ ತೆಗೆದೆ. ಕೀಲಿ ತೆಗೆದರೂ ಎಡದ ಮ್ಯಾಗ್ನೆಟೋ ಎಚ್ಚರವಾಗಿತ್ತು, ಯಾರು ಫ್ಯಾನು ತಿರುವಿದರೂ ಕಿಡಿ ಹಾರಿಸಲು ಕಾಯ್ದು ಕುಳಿತಿತ್ತು. ಅಪ್ಪನ ಮೊದಲ ಪಾಠ. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತಿರಬೇಕು?

ಹಲಗೆಯ ಹತ್ತಿರ ಹೋದೆ. ಬೇಕಾಗಿದ್ದದ್ದು ಒಂದೇ ಸ್ಪ್ಯಾನರು, ಹದಿನೈದು ನಿಮಿಷದ ಕೆಲಸ. ಕೈ ಚಾಚಿದೆ.

"ಏ, ಮುಟ್ಟಬ್ಯಾಡವಾ!" ಎಂದರು ಆಯಿ. "ವಿಭೂತಿ ಹಚ್ಚೇನಿ. ಬನ್ನಿ ಮುಡಿಯೂಮಟ ಅವು ದೇವರವು."

ಅವರಿಗೆ ನಾನು ಹೇಳಬಹುದಿತ್ತು. ಆಯೀ, ಇದು ಜೀವದ ವಿಷಯ ಎಂದಿದ್ದರೆ ಅವರೇ ಎತ್ತಿ ಕೊಡುತ್ತಿದ್ದರು. ನಾನು ಹೇಳಲಿಲ್ಲ. ದಶಮಿಯವರೆಗೆ ಯಾರು ಹಾರುತ್ತಾರೆ ಎಂದುಕೊಂಡೆ. ಹಬ್ಬದ ಮುಂದೆ ಒಂದು ವಾರ ಬಿಚ್ಚಿದ ಎಂಜಿನ್ನು ಇನ್ನೂ ನೆಟ್ಟಗಿಲ್ಲ ಎಂದು ಯಜಮಾನರಿಗೆ ಹೇಳುವ ನಾಚಿಕೆಯೂ ಇತ್ತು. ‘ಫ್ಯಾನು ತಿರುವಬೇಡಿ’ ಎಂದು ಬರೆದ ಕೆಂಪು ಬಟ್ಟೆಯೊಂದಿತ್ತು, ಅದನ್ನಾದರೂ ಕಟ್ಟೋಣವೆಂದು ತೆಗೆದೆ. ಹಬ್ಬಕ್ಕೆ ತೊಳೆದು ಒರೆಸಿ ನಿಲ್ಲಿಸಿದ ವಿಮಾನಕ್ಕೆ ಈ ಹರಕು ಚಿಂದಿ ಯಾಕೆ, ಪೂಜೆಯಾದ ಮೇಲೆ ಕಟ್ಟಿದರಾಯಿತು ಎಂದು ಮಡಚಿ ಕಿಸೆಗೆ ಹಾಕಿದೆ. ಕೀಲಿಯನ್ನು ಪೂಜೆಯ ತಾಟಿನಲ್ಲಿಟ್ಟೆ. ಕಿತ್ತೂರಿನ ನನ್ನ ಬಾಡಿಗೆ ಕೋಣೆಗೆ ಹೋಗಿ ಉಂಡು ಮಲಗಿದೆ, ನಿದ್ದೆಯೂ ಬಂತು.

ಮರುದಿನ ಅಪ್ಪ ಹೂವಿನ ಗಂಟಿನೊಂದಿಗೆ ಬಂದ. ಹೊಸ ಧೋತರ, ತಲೆಗೆ ರುಮಾಲು. ನಾನು ರೆಕ್ಕೆಗೆ ಕಟ್ಟುವ ಮಾಲೆ ಪೋಣಿಸುತ್ತ ಐದು ಹೆಜ್ಜೆ ದೂರದಲ್ಲಿ ಕುಳಿತಿದ್ದೆ. ಯಜಮಾನರು, ಅವರ ತಾಯಿ ಹತಾರಗಳ ಹಲಗೆಯ ಮುಂದೆ ಕರ್ಪೂರ ಹಚ್ಚುತ್ತಿದ್ದರು. ಫ್ಯಾನು ನೆಟ್ಟಗೆ ನಿಂತಿತ್ತು, ಮೇಲಿನ ಅಲಗು ಅಪ್ಪನಿಗೆ ಎಟುಕುತ್ತಿರಲಿಲ್ಲ. ವಿಭೂತಿ ಹಚ್ಚಿದ ಮೂರು ಬೆರಳಿನ ಆ ಕೈಯಿಂದಲೇ ಅಲಗನ್ನು ಹಿಡಿದು, ಅಡ್ಡಕ್ಕೆ ತಂದುಕೊಳ್ಳಲು ಕೆಳಕ್ಕೆ ಎಳೆದ. ಮಗಳ ಕೈಯಲ್ಲಿರುವ ಎಂಜಿನ್ ಎಂದು ನಂಬಿ ಎಳೆದ. ಬೇರೆ ಯಾವ ಎಂಜಿನ್ನನ್ನೂ ಅವನು ಹಾಗೆ ನಂಬಿದವನಲ್ಲ.

ನಾನು ನೋಡಿದೆ. "ಅಪ್ಪಾ" ಎಂದು ಬಾಯಿ ತೆರೆದೆ. ಎಡದ ಮ್ಯಾಗ್ನೆಟೋದೊಳಗೆ ಒಂದು ಸ್ಪ್ರಿಂಗು ಇರುತ್ತದೆ, ನಿಧಾನಕ್ಕೆ ತಿರುವಿದರೂ ಜೋರು ಕಿಡಿ ಬರಲೆಂದು. ಅದು ‘ಟಕ್’ ಎಂದಿತು. ಸಿಲಿಂಡರಿನಲ್ಲಿ ಉಳಿದಿದ್ದ ಒಂದಿಷ್ಟು ಪೆಟ್ರೋಲಿನ ಹಬೆ ಸಾಕಾಯಿತು. ಎಂಜಿನ್ ಒಂದೇ ಸಲ ಗುಡುಗಿತು, ಫ್ಯಾನು ಒಂದೇ ಸುತ್ತು ಹೊಡೆದು ನಿಂತಿತು. ಅಪ್ಪ ತನ್ನ ಕೈಯನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ನೆಲಕ್ಕೆ ಕುಳಿತ. ವಿಭೂತಿಯ ಬಟ್ಟಲು ಉರುಳಿತು.

ಯಜಮಾನರು ತಮ್ಮ ಗಾಡಿಯಲ್ಲೇ ಅವನನ್ನು ಧಾರವಾಡದ ಆಸ್ಪತ್ರೆಗೆ ಒಯ್ದರು. ಅಪ್ಪನನ್ನು ಒಳಗೆ ಕರೆದುಕೊಂಡ ಮೇಲೆ ನಾನು, ಸುದ್ದಿ ಕೇಳಿ ಓಡಿಬಂದಿದ್ದ ಅವ್ವನ ಮುಂದೆ ಬಟ್ಟೆಬರೆ ತರುತ್ತೇನೆಂದು ಹೇಳಿ, ಹಿಂದಿರುಗಿ ಹೋದದ್ದು ಬೈಲಹೊಂಗಲದ ಮನೆಗಲ್ಲ, ಕಿತ್ತೂರಿನ ಶೆಡ್ಡಿಗೆ. ಅಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹೂವು ಬಾಡಿತ್ತು. ಯಾವ ಸ್ಪ್ಯಾನರನ್ನು ದೇವರ ಮುಂದಿನಿಂದ ಎತ್ತಲಿಲ್ಲವೋ ಅದನ್ನು ಎತ್ತಿದೆ. ಎಡದ ತಂತಿ ಬಿಚ್ಚಿದೆ, ತುದಿಯ ರಬ್ಬರಿನ ಒಳಗೆ ಹರಿದಿತ್ತು. ಹೊಸದನ್ನು ಹಾಕಿದೆ. ಸ್ಪ್ಯಾನರಿಗೆ ಮತ್ತೆ ವಿಭೂತಿ ಹಚ್ಚಿ ಅದರ ಜಾಗದಲ್ಲೇ ಇಟ್ಟೆ. ಹದಿನೈದು ನಿಮಿಷವೂ ಹಿಡಿಯಲಿಲ್ಲ.

ಸಂಜೆ ಅಪ್ಪನಿಗೆ ಎಚ್ಚರವಾಗಿತ್ತು. ಕೈಗೆ ತೆಂಗಿನಕಾಯಿಯಷ್ಟು ದಪ್ಪ ಪಟ್ಟಿ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ನಿನ್ನೆ ಚಾಲೂ ಮಾಡಿ ನೋಡಿದ್ದೇನ?"

"ನೋಡಿದ್ದೆ ಅಪ್ಪಾ. ಸರಿ ಇತ್ತು. ಆಮ್ಯಾಲೆ ತಂತಿ ಹರದೈತಿ. ಈಗ ಬದಲಿ ಮಾಡಿ ಬಂದೇನಿ."

ಬಾಯಿಯಿಂದ ಹೇಗೆ ಬಂತೋ ಗೊತ್ತಿಲ್ಲ. ಹೆದರಿದ್ದೆ. ಲೈಸೆನ್ಸ್ ಹೋಗುತ್ತದೆಂದು ಹೆದರಿದ್ದೆ, ಅದಕ್ಕಿಂತ ಹೆಚ್ಚು ಅವನ ಕಣ್ಣಿಗೆ ಹೆದರಿದ್ದೆ.

"ತಂತಿ ತಾ ಇಲ್ಲಿ," ಎಂದ.

ಕಿಸೆಯಲ್ಲಿತ್ತು, ಆ ಕೆಂಪು ಬಟ್ಟೆಯ ಜೊತೆಗೇ. ಕೊಟ್ಟೆ. ಎಡಗೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುವಿ ತಿರುವಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಲೆದಿಂಬಿನ ಕೆಳಗೆ ಇಟ್ಟುಕೊಂಡು, ನೀರು ಕೊಡು ಎಂದ.

ಎರಡು ದಿನ ಬಿಟ್ಟು ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದರು. ವಿಮಾನವನ್ನು ಪರೀಕ್ಷಿಸಿ ಬಂದಿದ್ದರು, ತಂತಿ ಕೀಲಿ ಎಲ್ಲ ಸರಿಯಾಗಿಯೇ ಇದ್ದವು. ಮತ್ತೆ ಎಂಜಿನ್ ಹೇಗೆ ಹತ್ತಿತು ಎಂದು ಅಪ್ಪನನ್ನು ಕೇಳಿದರು. ನಾನು ಮಂಚದ ಕಾಲ ಕಡೆ ನಿಂತಿದ್ದೆ.

"ತಾಟನ್ಯಾಗ ಕೀಲಿ ಇತ್ತರಿ," ಎಂದ ಅಪ್ಪ. "ಹುಚ್ಚ ಹುಮ್ಮಸ್ಸು ನೋಡ್ರಿ, ಹಾಕಿ ತಿರುವಿದೆ. ಎಲ್ಲಾರೂ ಪೂಜಿ ಕಡೆ ಇದ್ರು. ಆಮ್ಯಾಲೆ ಮರತ ಫ್ಯಾನ್ ಹಿಡದೆ. ಆಗಿದ್ದ ಕಂಡು ಗಾಬರಿ ಬಿದ್ದು ಯಾರೋ ಕೀಲಿ ತಗದ ಮತ್ತ ತಾಟನ್ಯಾಗ ಇಟ್ಟಾರ. ತಪ್ಪು ನಂದರಿ. ನನ್ನ ಮಗಳಿಗಿ ಇದರಾಗ ಏನೂ ಸಂಬಂಧ ಇಲ್ಲ."

ಅವರು ಬರೆದುಕೊಂಡರು. ಎಡಗೈಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಾಲಿ ಕಲಿತು ಸಹಿ ಮಾಡುತ್ತಿದ್ದ ಅಪ್ಪ ಅಂದು ಹೆಬ್ಬೆಟ್ಟು ಒತ್ತಿದ. ನಾನು ಬಾಯಿ ತೆರೆಯಲಿಲ್ಲ. ನನ್ನನ್ನು ಉಳಿಸಲು ಹೇಳುತ್ತಿದ್ದಾನೆಂದು ಗೊತ್ತಿತ್ತು, ಆದರೆ ಎಷ್ಟು ತಿಳಿದು ಹೇಳುತ್ತಿದ್ದಾನೆಂದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಧೈರ್ಯವೂ ಇರಲಿಲ್ಲ.

ಈ ಮಾತು ನಮಗಿಂತ ಮೊದಲೇ ಬೈಲಹೊಂಗಲ ಮುಟ್ಟಿತ್ತು. ಪೇಟೆಯ ಜನ ಕೆಟ್ಟವರಲ್ಲ. ಆಸ್ಪತ್ರೆಗೆ ಬುತ್ತಿ ತಂದವರು ಅವರೇ. ಆದರೆ ನಗೆಚಾಟಿಕೆಯ ವಿಷಯ ಸಿಕ್ಕರೆ ಬಿಡುವವರೂ ಅಲ್ಲ. ಮುರಗೋಡದ ಹಿರಿಯರೊಬ್ಬರು ಶುರು ಮಾಡಿದರು. ಅಪ್ಪ ಒಂದು ಪಂಪಿನ ಹಗ್ಗ ಎಳೆಯಲು ಬಗ್ಗಿದಾಗ, "ಏನ್ರಿ ಮಿಸ್ತ್ರಿ, ಕೀಲಿ ತಗದೀರಿಲ್ಲ?" ಎಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆಮೇಲೆ ಅದು ಪೇಟೆಯ ನಮಸ್ಕಾರವೇ ಆಗಿಹೋಯಿತು. ಚಹಾದವನು, ಬೀಜದಂಗಡಿಯವನು, ಸಂತೆಗೆ ಬಂದ ಬೀಗರು, ಎಲ್ಲರದೂ ಅದೇ ಮಾತು. ಕೀಲಿಯ ಕಥೆ ಕೇಳಿದ ಮೇಲೆ ರಾಮದುರ್ಗದ ಗಿರಾಕಿಗಳು ಬರುವುದು ನಿಂತಿತು. ಸವದತ್ತಿಯವರು ಹೊಸ ಅಂಗಡಿ ಹಿಡಿದರು. ಮೂರು ಬೆರಳು ಹೋದವನಿಗೆ ಕೆಲಸ ಕೊಡುವವರು ಇದ್ದರು. ಮ್ಯಾಗ್ನೆಟೋ ತಿಳಿಯದವನಿಗೆ ಮ್ಯಾಗ್ನೆಟೋ ಕೊಡುವವರು ಇರಲಿಲ್ಲ.

ನಾನು ಸಹಿ ಮಾಡುತ್ತ ಇದ್ದೆ. ವಾರಕ್ಕೊಮ್ಮೆ ಅಂಗಡಿಗೆ ಹೋಗಿ, ಅಪ್ಪನ ಮುಖ ನೋಡದೆ ಅವನ ಕೈಗೆ ಬೇಕಾದ್ದನ್ನು ಎತ್ತಿಕೊಟ್ಟು ಬರುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಾರಾದರೂ ಕೀಲಿ ಎಂದರೆ ಸಾಕು, ನನ್ನ ಕೈ ಕಿಸೆಗೆ ಹೋಗುತ್ತಿತ್ತು.

ಮೂರನೆಯ ವರ್ಷದ ಒಂದು ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಅಪ್ಪ ಔಷಧದ ಪಂಪಿನ ಪಾಯಿಂಟು ಹೊಂದಿಸುತ್ತಿದ್ದ. ಎಡಗೈಗೆ ಅಭ್ಯಾಸ ಸಾಲದು, ಸಣ್ಣ ಸ್ಕ್ರೂ ಜಾರಿ ಜಾರಿ ಬೀಳುತ್ತಿತ್ತು. ನಾಲ್ಕನೆಯ ಸಲ ಬಿದ್ದಾಗ ಅದನ್ನು ಹುಡುಕಲು ನೆಲಕ್ಕೆ ಮಂಡಿಯೂರಿ ಕುಳಿತ. ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ನಾ ಅವತ್ತ ಸುಳ್ಳ ಹೇಳೇನಿ. ಮುಳ್ಳ ಇಳದಿದ್ದಿಲ್ಲ. ನನಗ ಗೊತ್ತಿತ್ತು."

ಅಪ್ಪ ಸ್ಕ್ರೂ ಹುಡುಕಿ ತೆಗೆದ. ಒರೆಸಿ ಹಲಗೆಯ ಮೇಲಿಟ್ಟ. ಗೋಡೆಯ ಮೇಲೆ ದೇವರ ಫೋಟೋದ ಕೆಳಗೊಂದು ಮೊಳೆ ಇದೆ, ಹರಕು ಬೆಲ್ಟು, ಹಳೆಯ ವಾಷರಿನ ಸರ ಎಲ್ಲ ಅಲ್ಲೇ ನೇತಾಡುತ್ತವೆ. ಅದರಿಂದ ಗೇಣುದ್ದದ ಒಂದು ತಂತಿ ಬಿಡಿಸಿ ನನ್ನ ಅಂಗೈಯಲ್ಲಿಟ್ಟ. ಇಷ್ಟು ದಿನ ಅದು ನನ್ನ ಕಣ್ಣ ಮುಂದೆಯೇ ತೂಗುತ್ತಿತ್ತು, ನಾನು ತಲೆ ಎತ್ತಿದ್ದರೆ ಕಾಣುತ್ತಿತ್ತು.

"ತುದಿ ನೋಡು," ಎಂದ. "ಎಳಿ ಎಲ್ಲಾ ಒಂದೊಂದ ಆಗಿ ಹರದಾವ. ಕಡೀ ಎಳಿ ಐತಲ್ಲ, ಅದರ ತುದಿನೂ ಕರ್ರಗೈತಿ, ಕಿಡಿ ಹತ್ತಿ ಸುಟ್ಟೈತಿ. ನೀ ಹೇಳಿದಂಗ ಎಂಜಿನ್ ನಿಂತ ಮ್ಯಾಲೆ ಹರದಿದ್ರ ಅದು ಹೊಳೀತಿತ್ತು. ನಿಂತ ಎಂಜಿನ್‌ದಾಗ ಸುಡಾಕ ಕಿಡಿ ಎಲ್ಲಿಂದ ಬರಬೇಕವಾ? ನೀ ಚಾಲೂ ಮಾಡಿ ನೋಡಿದಾಗನ ಹರದಿತ್ತು."

"ಆಸ್ಪತ್ರ್ಯಾಗ ಗೊತ್ತಾತು?"

"ಹೂಂ."

"ಮತ್ತ ಯಾಕ ಸುಮ್ನ ಇದ್ದಿ?"

"ನನ್ನ ಕೈ ಹೋಗಿತ್ತು," ಎಂದ ಅಪ್ಪ. "ನಿಂದರ ಉಳೀಲಿ ಅಂತ." ಸ್ಕ್ರೂ ಎತ್ತಿಕೊಳ್ಳುತ್ತ ಮತ್ತೆ ಹೇಳಿದ, "ಇಂದ ಹೇಳ್ತಿ, ನಾಳೆ ಹೇಳ್ತಿ ಅಂತ ಕಾಯ್ದೆ. ಭಾಳ ದಿನ ಮಾಡಿದಿ ಯವ್ವಾ."

ನಾನು ಅತ್ತೆ. ಬಾಯಿಗೆ ದುಪಟ್ಟಾ ತುರುಕಿಕೊಂಡು, ಪಕ್ಕದ ಅಂಗಡಿಗೆ ಕೇಳಿಸದಂತೆ ಅತ್ತೆ. ಅಪ್ಪ ತಲೆ ಸವರಲಿಲ್ಲ, ಬಯ್ಯಲೂ ಇಲ್ಲ. ಪಾಯಿಂಟು ಹೊಂದಿಸುತ್ತ ಕುಳಿತ. ಹೋಗುವಾಗ ಮಾತ್ರ, "ಯಾರ ಮುಂದೂ ಆಡಬ್ಯಾಡ, ಆಗಿದ್ದ ಆಗಿಹೋತು," ಎಂದ.

ಆ ಒಂದು ಮಾತನ್ನು ನಾನು ಕೇಳಲಿಲ್ಲ. ಯಜಮಾನರಿಗೆ ಎಲ್ಲ ಹೇಳಿದೆ, ವಿಚಾರಣೆಯ ಕಚೇರಿಗೆ ಉದ್ದದ ಪತ್ರ ಬರೆದೆ. ಕಚೇರಿಯವರು ಒಂದೇ ಪತ್ರಕ್ಕೆ ನಂಬಿದರು. ನನ್ನ ಲೈಸೆನ್ಸನ್ನು ಅಮಾನತ್ತು ಮಾಡಿದರು. ಅಪ್ಪ ಸಿಟ್ಟಾದ. ಇಡೀ ಜೀವನದಲ್ಲಿ ಅವನು ನನ್ನ ಮೇಲೆ ಹಾಗೆ ಸಿಟ್ಟಾದದ್ದಿಲ್ಲ. ಉಳಿಯಲಿ ಎಂದು ಬಿಟ್ಟದ್ದನ್ನೇ ನಾನು ಒಯ್ದು ಚೆಲ್ಲಿದ್ದೆ. ಎರಡು ತಿಂಗಳು ನನ್ನ ಸಂಗಡ ಮಾತಾಡಲಿಲ್ಲ.

ಆದರೂ ನನಗೆ ಪೇಟೆ ಉಳಿದಿತ್ತು. ಕಚೇರಿಯ ಕಾಗದವನ್ನು ಬೈಲಹೊಂಗಲದಲ್ಲಿ ಯಾರು ಓದುತ್ತಾರೆ? ಅವನ ಹೆಸರು ಹೋದದ್ದು ಪೇಟೆಯಲ್ಲಿ, ಬರಬೇಕಾದದ್ದೂ ಅಲ್ಲೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಉರಿಯಲಿ, ತಡವಾದರೂ ಉರಿಯಲಿ ಎಂದು ಈ ಸಲದ ಖಂಡೇನವಮಿಗೆ ಅಪ್ಪನ ಅಂಗಡಿಗೇ ಹೋದೆ.

ಪೂಜೆಗೆ ಹತ್ತು ಹನ್ನೆರಡು ಜನ ಸೇರಿದ್ದರು. ಬೀಜದಂಗಡಿಯವನು, ಚಹಾದವನು, ಹೂ ಮಾರುವ ಮುದುಕಿ, ಮುರಗೋಡದ ಆ ಹಿರಿಯರು. ಅಪ್ಪ ಹತಾರಗಳಿಗೆ ಎಡಗೈಯಿಂದ ವಿಭೂತಿ ಎಳೆಯುತ್ತಿದ್ದ, ಗೆರೆಗಳು ಸೊಟ್ಟಗೆ ಬರುತ್ತಿದ್ದವು. ಹಿರಿಯರು ಎಲೆ ಅಡಿಕೆ ಜಗಿಯುತ್ತ ಎಂದಿನಂತೆ ಕೇಳಿದರು, "ಏನ್ರಿ ಮಿಸ್ತ್ರಿ, ಕೀಲಿ ತಗದೀರಿಲ್ಲ?"

ನಗು ಎದ್ದಿತು. ನಾನೂ ಎದ್ದು ನಿಂತೆ.

"ಅಪ್ಪ ಕೀಲಿ ಮುಟ್ಟೇ ಇಲ್ಲರಿ," ಎಂದೆ. "ತಂತಿ ಹರದಿತ್ತು. ನನಗ ಹಿಂದಿನ ದಿನನ ಗೊತ್ತಿತ್ತು, ನಾ ಯಾರಿಗೂ ಹೇಳಲಿಲ್ಲ. ಆಮ್ಯಾಲೆ ಮುಚ್ಚಿಟ್ಟೆ. ನನ್ನ ಉಳಸಾಕ ಅಪ್ಪ ಸುಳ್ಳ ಹೇಳ್ಯಾನ. ನೀವು ಇಷ್ಟ ವರ್ಷ ನಗಾಕ ಹತ್ತಿದ್ದು ನನ್ನ ತಪ್ಪಿಗಿ, ಅವನ ತಪ್ಪಿಗಿ ಅಲ್ಲ." ಮೊಳೆಯಿಂದ ತಂತಿ ತೆಗೆದು ಅವರ ಮುಂದೆ ಹಿಡಿದೆ. "ನೋಡ್ರಿ, ಈ ತುದಿ ಕರ್ರಗೈತಿ!"

ಹಿರಿಯರು ತಂತಿಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ಕಣ್ಣು ತುಂಬಿ ಬಂತು.

"ಕೇಳಿದ್ದೆ ಯವ್ವಾ," ಎಂದರು ಮೆಲ್ಲಗೆ. "ಮಗಳು ಅಪ್ಪನ ತಪ್ಪು ತನ್ನ ಮೈಮ್ಯಾಲೆ ಹಾಕ್ಕೊಂಡು ಸರಕಾರಕ್ಕ ಬರದ್ಳಂತ, ನೌಕರಿ ಕಳಕೊಂಡ್ಳಂತ. ಸುಳ್ಳ ಸುದ್ದಿ ಅಂದಿದ್ದೆ. ಖರೇನ ಐತಿ." ಉಳಿದವರತ್ತ ತಿರುಗಿ, "ಮಕ್ಕಳು ಹುಟ್ಟಿದ್ರ ಹಿಂಗ ಹುಟ್ಟಬೇಕ ನೋಡ್ರಿ. ಇನ್ನ ಆ ಕೀಲಿ ಮಾತ ಯಾರೂ ಆಡಬ್ಯಾಡ್ರಿ," ಎಂದರು.

"ಅಲ್ಲರಿ, ಖರೇ ಹೇಳಾಕ ಹತ್ತೇನಿ!" ಎಂದು ನಾನು ಕೂಗಿದೆ. ಬೀಜದಂಗಡಿಯವನು ಕಣ್ಣು ಒರೆಸಿಕೊಂಡ. ನಾನು ಜೋರು ಮಾಡಿದಷ್ಟೂ ಅವರ ಮೆಚ್ಚಿಗೆ ಹೆಚ್ಚಾಯಿತು. ಅಪ್ಪನ ಕಡೆ ತಿರುಗಿದೆ. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವನು ಹೇಳಿದರೆ ನಂಬುತ್ತಿದ್ದರು.

"ಬಿಡ್ರಿ," ಎಂದ ಅಪ್ಪ. "ಅಕಿ ಮೊದಲಿಂದ ಹಂಗ."

ಹೂ ಮಾರುವ ಮುದುಕಿ ಎದ್ದು ಬಂದಳು. ಎರಡೂ ಕೈಯಿಂದ ನನ್ನ ಕೆನ್ನೆ ಸವರಿ, ಬೆರಳುಗಳನ್ನು ಮಡಚಿ ತನ್ನ ತಲೆಯ ಎರಡು ಬದಿಗೆ ಒತ್ತಿದಳು. ಲಟಲಟನೆ ನೆಟಿಗೆ ಮುರಿದವು.

"ಅಯ್ಯ ನನ ಕೂಸ, ಎಷ್ಟ ದೃಷ್ಟಿ ಆಗೈತಿ," ಎಂದಳು. "ಹತ್ತೂ ಬೆರಳ ಮುರದ್ವು ನೋಡು."

ಅಪ್ಪ ಎರಡು ಬೆರಳಲ್ಲಿ ಸ್ಪ್ಯಾನರನ್ನು ಹೇಗೋ ಹಿಡಿದುಕೊಂಡು, ಎಡಗೈಯಿಂದ ವಿಭೂತಿ ಎಳೆಯುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಲಿಲ್ಲ.